ಸಾವಿರ ಕೈ ಹಂಚಿದ ಬೇಸಗೆ

ನನ್ನ ಮೊದಲ ಮಗು ಹನ್ನೊಂದು ದಿನ ಬದುಕಿತ್ತು. ಹೆಣ್ಣು ಮಗು. ಮಾನ್ವಿಯ ತವರುಮನೆಯಲ್ಲಿ ಹುಟ್ಟಿ ಅಲ್ಲಿಯೇ ಹೋಯಿತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕೆಂದು ಅಪ್ಪ ಯಾರದೋ ಮನೆಯಿಂದ ತೊಟ್ಟಿಲು ತಂದು ಪಡಸಾಲೆಯಲ್ಲಿ ಇಟ್ಟಿದ್ದರು. ಅದನ್ನು ಮರುದಿನವೇ ವಾಪಸು ಕಳಿಸಿದರು. ನನಗಾಗ ಹದಿನೆಂಟು ವರ್ಷ. ಯುದ್ಧ ನಡೆದಿದ್ದ ಕಾಲ, ನಲವತ್ತಮೂರೋ ನಲವತ್ತನಾಲ್ಕೋ ಇರಬೇಕು. ಹೊಲಗಳಲ್ಲಿ ಬಿಳಿಜೋಳದ ಕೊಯ್ಲು ನಡೆದಿತ್ತು.

ನನಗೆ ಅಳು ಬರಲಿಲ್ಲ. ಅವ್ವ ಪಕ್ಕದಲ್ಲಿ ಕೂತು, "ಒಮ್ಮೆ ಅತ್ತುಬಿಡು, ಎದಿ ಹಗುರಾಗ್ತದ" ಎಂದಳು. ಅಳಬೇಕೆಂದು ನಾನೂ ಪ್ರಯತ್ನ ಮಾಡಿದೆ. ಮುಖವನ್ನು ಸೊಟ್ಟ ಮಾಡಿ ನೋಡಿದೆ. ಬರಲಿಲ್ಲ. ಹಾಲು ನಿಲ್ಲಲೆಂದು ಎದೆಗೆ ಬಟ್ಟೆ ಬಿಗಿದು ಕಟ್ಟಿದರು. ನಾಲ್ಕು ದಿನ ನೋವಿತ್ತು. ಆಮೇಲೆ ಅದೂ ಇರಲಿಲ್ಲ.

ನನ್ನ ಗಂಡ ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸುದ್ದಿ ಮುಟ್ಟಿ ಅವರು ಮಾನ್ವಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಜೊತೆ ಹೊರಗಿನ ಕಟ್ಟೆಯ ಮೇಲೆ ಕೂತು ಬಸ್ಸು ಎಷ್ಟು ತಡವಾಯಿತೆಂದು ಮಾತಾಡಿದರು. ಹೊರಡುವ ಮುಂಚೆ ನಾನಿದ್ದ ಕೋಣೆಯ ಬಾಗಿಲಿಗೆ ಬಂದು, "ಊಟಾ ಮಾಡಿದಿ?" ಎಂದು ಕೇಳಿದರು. "ಮಾಡೀನ್ರಿ" ಎಂದೆ. ಅವರು ತಲೆಯಾಡಿಸಿ ಹೋದರು. ಅವರ ಮೇಲೆ ನನಗೆ ಸಿಟ್ಟೂ ಬರಲಿಲ್ಲ.

ಒಂದು ತಿಂಗಳಾಗಿರಬಹುದು, ದೇವದುರ್ಗದಿಂದ ಆಳು ಬಂದ. ನನ್ನ ಮಾವನವರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋಗಿವೆ, ಅತ್ತೆಯವರಿಗೆ ಒಬ್ಬರಿಗೇ ಆಗುವುದಿಲ್ಲ, ಸೊಸೆಯನ್ನು ಕಳಿಸಿಕೊಡಬೇಕು ಎಂದು ಹೇಳಿದ. ಅವ್ವ, "ಇನ್ನೂ ಮೈ ಹಸಿ ಅದ, ಹ್ಯಾಂಗ ಕಳಸೋದು?" ಎಂದಳು. ನಾನೇ ಹೋಗುತ್ತೇನೆಂದೆ. ಇಲ್ಲಿ ಕೂತರೂ ಅಷ್ಟೆ, ಅಲ್ಲಿ ಕೂತರೂ ಅಷ್ಟೆ ಅನ್ನಿಸಿತ್ತು. ಅಪ್ಪ ಚಕ್ಕಡಿಯಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟುಬಂದರು. ಅಪ್ಪ ಮಾನ್ವಿಯಲ್ಲಿ ಮನೆಯ ಪಡಸಾಲೆಯಲ್ಲೇ ಮಕ್ಕಳಿಗೆ ಕನ್ನಡ, ಲೆಕ್ಕ ಹೇಳಿಕೊಡುತ್ತಿದ್ದರು. ನಾನೂ ಆ ಮಕ್ಕಳ ಸಾಲಿನ ಕೊನೆಗೆ ಕೂತು ಭಾಗಾಕಾರದವರೆಗೆ ಕಲಿತಿದ್ದೆ. ದಾರಿಯಲ್ಲಿ ಅವರು ತಮ್ಮ ಚೀಲದಿಂದ ಒಂದು ಪಾಟಿ, ನಾಲ್ಕು ಬಳಪ ತೆಗೆದು ನನ್ನ ಗಂಟಿನಲ್ಲಿಟ್ಟು, "ಹೊತ್ತು ಹೋಗದಿದ್ರ ಏನರ ಬರಿ" ಎಂದರು.

ಮಾವನವರು ದೇವದುರ್ಗದಲ್ಲಿ ವಕೀಲರು. ಅರವತ್ತರ ಹತ್ತಿರದ ವಯಸ್ಸು, ದೊಡ್ಡ ದನಿಯ ಮನುಷ್ಯ. ಮದುವೆಯಾದ ಹೊಸತರಲ್ಲಿ ಅವರ ದನಿ ಕೇಳಿದರೆ ನಾನು ಅಡುಗೆಮನೆಯಲ್ಲೇ ಎದ್ದು ನಿಲ್ಲುತ್ತಿದ್ದೆ. ಈಗ ಕಕ್ಷಿದಾರರು ಬಂದು ಕೂರುತ್ತಿದ್ದ ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಅವರನ್ನು ಮಲಗಿಸಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಮಾತು ಮುದ್ದೆಯಾಗಿ ಬರುತ್ತಿತ್ತು, ಆದರೆ ತಿಳಿಯುತ್ತಿತ್ತು. ನಾನು ಅವರ ಬಾಯಿಗೆ ಗಂಜಿ ಹಾಕಿದೆ, ಬೆನ್ನು ಒರೆಸಿದೆ, ಹೊರಳಿಸಿ ಮಲಗಿಸಿದೆ. ಅತ್ತೆಯವರು ಮಡಿಯಲ್ಲಿ ಅಡುಗೆ, ಪೂಜೆ ನೋಡಿಕೊಳ್ಳುತ್ತಿದ್ದರು. ಅವರು ಮಗುವಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲಸವೆಲ್ಲ ಸರಿಯಾಗಿಯೇ ಮಾಡುತ್ತಿದ್ದೆ. ಆದರೆ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಮಾವನವರ ಸ್ನೇಹಿತರೊಬ್ಬರು ಬರುತ್ತಿದ್ದರು. ತಹಶೀಲ್ ಕಚೇರಿಯಲ್ಲಿ ಪೇಶ್ಕಾರರಾಗಿದ್ದು, ಸಾಹೇಬರ ಮುಂದೆ ಕಾಗದಗಳನ್ನು ಓದಿ ಹೇಳುವ ಕೆಲಸ ಮಾಡಿ ನಿವೃತ್ತರಾಗಿದ್ದ ಮುಸಲ್ಮಾನರು. ಬಿಳಿ ಗಡ್ಡ, ತೆಳುವಾದ ದೇಹ, ಕೈಯಲ್ಲಿ ಛತ್ರಿ. ಇಬ್ಬರೂ ಮೂವತ್ತು ವರ್ಷ ಕಚೇರಿ ಮುಗಿದ ಮೇಲೆ ಇಸ್ಪೀಟು ಆಡಿದವರು. ಕಾಯಿಲೆಯಾದ ಮೇಲೆ ಪೇಶ್ಕಾರರು ಬಂದು ಸುಮ್ಮನೆ ಕೂತು, ಬೀಸಣಿಗೆ ಬೀಸಿಕೊಂಡು ಹೋಗುತ್ತಿದ್ದರು. ಒಂದು ದಿನ ಮಾವನವರು ಎಡಗೈಯಿಂದ ಗೋಡೆಯ ಗೂಡಿನ ಕಡೆ ತೋರಿಸಿದರು. ಅಲ್ಲಿ ಇಸ್ಪೀಟಿನ ಕಟ್ಟು ಇತ್ತು.

"ವಕೀಲ್ ಸಾಹೇಬ್ರ, ಎಲಿ ಹಿಡಿಯೋದು ಹ್ಯಾಂಗ?" ಎಂದು ಪೇಶ್ಕಾರರು ಕೇಳಿದರು.

ಮಾವನವರು ನನ್ನನ್ನು ತೋರಿಸಿದರು. "ಇಕಿ ಹಿಡೀತಾಳ."

ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಮಂಚದ ಹಿಂದೆ ನಿಂತೆ. ಅವರು ಆಡುತ್ತಿದ್ದುದು ಮೂರೆಲೆ ಆಟ. ಒಬ್ಬೊಬ್ಬರಿಗೆ ಮೂರು ಮೂರು ಎಲೆ. ಆ ಮೂರಕ್ಕೆ ಒಂದು ಕೈ ಎನ್ನುತ್ತಾರೆ. ಮೂರೂ ಒಂದೇ ಆಗಿದ್ದರೆ, ಅಂದರೆ ಮೂರು ಎಕ್ಕವೋ ಮೂರು ಗುಲಾಮವೋ ಬಂದರೆ, ಅದಕ್ಕಿಂತ ದೊಡ್ಡದಿಲ್ಲ. ಅದರ ಕೆಳಗೆ ಒಂದೇ ಜಾತಿಯ, ಎಂದರೆ ಎಲ್ಲ ಆಟೀನೋ ಎಲ್ಲ ಕಳಾವರೋ ಆದ ಮೂರು ಎಲೆ ಸಾಲಾಗಿ ಬರುವುದು, ಬೇರೆ ಜಾತಿಯಾದರೂ ಸಾಲಾಗಿ ಬರುವುದು, ಸಾಲಿಲ್ಲದೆ ಬರಿಯ ಒಂದೇ ಜಾತಿ, ಆಮೇಲೆ ಎರಡು ಎಲೆ ಒಂದೇ ಆದ ಜೋಡಿ. ಅದೂ ಇಲ್ಲದಿದ್ದರೆ ಯಾರ ಬಳಿ ದೊಡ್ಡ ಎಲೆ ಇದೆಯೋ ಅವರು ಗೆದ್ದಂತೆ. ಮೊದಲೇ ಒಬ್ಬೊಬ್ಬರು ಒಂದು ಹುಣಸೆ ಬೀಜ ನಡುವೆ ಇಡಬೇಕು. ಕೈ ನೋಡಿಕೊಂಡ ಮೇಲೆ, ನಿಲ್ಲುವವನು ಇನ್ನೂ ಬೀಜ ಹಾಕಬೇಕು, ಬಿಡುವವನು ಎಲೆ ಮಗುಚಿ ಇಡಬೇಕು. ಕಾಯಿಲೆಯವರ ಮನೆಯಲ್ಲಿ ದುಡ್ಡು ಬೇಡವೆಂದು ಬೀಜ ತರಿಸಿದ್ದು ಪೇಶ್ಕಾರರೇ.

ಮಾವನವರು ದಿನವೂ ಸೋಲುತ್ತಿದ್ದರು. ರಾಜ, ರಾಣಿ, ಗುಲಾಮ, ಯಾವುದಾದರೊಂದು ಚಿತ್ರದ ಎಲೆ ಕಂಡರೆ ಅವರು ಬಿಡುತ್ತಿರಲಿಲ್ಲ. ಮುಂದೆ ಏನೋ ಆಗುತ್ತದೆ ಎನ್ನುವವರಂತೆ ಬೀಜ ಹಾಕಿಸುತ್ತಿದ್ದರು. ಆದರೆ ಮುಂದೆ ಆಗುವುದೇನೂ ಇರಲಿಲ್ಲ. ಮೂರು ಎಲೆ ಬಂದಾಗಲೇ ಕೈ ಮುಗಿದಿರುತ್ತಿತ್ತು. ಒಂದು ದಿನ ಗಂಜಿ ಕುಡಿಸುವಾಗ ನಾನು ಕೇಳಿದೆ.

"ಮಾವನೋರ, ಜೋಡಿ ಬರೋದು ಎಷ್ಟು ಸಲಕ್ಕೊಮ್ಮೆ ರೀ?"

"ಅದಕ್ಕೇನು ಲೆಕ್ಕ ಅದ? ಕೈಗುಣ ಅದು."

"ಎಲಿ ಐವತ್ತೆರಡೇ ಅಲ್ರೀ. ಲೆಕ್ಕ ಇರಬೇಕಲ್ಲ."

ಅವರು ಗಂಜಿ ನುಂಗಿ ನನ್ನನ್ನು ನೋಡಿದರು. ನಾನು ಆ ಮನೆಗೆ ಬಂದ ಮೇಲೆ ಅವರೆದುರು ಆಡಿದ ಮೊದಲ ಉದ್ದನೆಯ ಮಾತು ಅದೇ ಇರಬೇಕು. "ಹಂಗಾರ ಎಣಸಿ ನೋಡು" ಎಂದರು.

ಮರುದಿನ ಬೆಳಗ್ಗೆ ಅವರಿಗೆ ನಿದ್ದೆ ಹತ್ತಿದ ಮೇಲೆ ಅಲ್ಲೇ ನೆಲದ ಮೇಲೆ ಕೂತೆ. ಕಟ್ಟನ್ನು ಕಲಸಿ ಮೂರು ಎಲೆ ತೆಗೆದೆ. ಏನೂ ಇಲ್ಲದ ಕೈ. ಪಾಟಿಯ ಮೇಲೆ ಒಂದು ಗೆರೆ ಎಳೆದೆ. ಮೂರೂ ಎಲೆಗಳನ್ನು ವಾಪಸು ಸೇರಿಸಿ, ಕಲಸಿ, ಮತ್ತೆ ಮೂರು ತೆಗೆದೆ. ಏನೂ ಇಲ್ಲ. ಮತ್ತೆ ಮೂರು. ಜೋಡಿ. ಜೋಡಿಗೆ ಬೇರೆ ಕಡೆ ಗೆರೆ. ಅವತ್ತು ಐವತ್ತು ಕೈ ಹಂಚಿದೆ. ಪಾಟಿ ತುಂಬಿದಾಗ ಗೆರೆ ಎಣಿಸಿ, ಮಾವನವರ ಹಳೆಯ ದಾವೆಗಳ ಕಾಗದದ ಹಿಂಬದಿಯಲ್ಲಿ ಬರೆದಿಟ್ಟು, ಪಾಟಿ ಒರೆಸಿದೆ.

ಅದೇ ನನ್ನ ಬೇಸಗೆಯಾಯಿತು. ದಿನಕ್ಕೆ ನಲವತ್ತು, ಕೆಲವು ದಿನ ಅರವತ್ತು. ಬಿಸಿಲಿಗೆ ಮಾಳಿಗೆಯ ಮಣ್ಣು ಕಾದು ಕೋಣೆಯೊಳಗೆ ಒಣ ವಾಸನೆ ತುಂಬಿರುತ್ತಿತ್ತು. ಎಲೆ ಕಲಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಕೆಲಸದಿಂದ ನನಗೆ ಸಂತೋಷವಾಗುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂತೋಷವಿರಲಿಲ್ಲ, ಬೇಸರವೂ ಇರಲಿಲ್ಲ. ಎಲೆ ತೆಗೆಯುವಾಗ ಒಳ್ಳೆಯದು ಬರಲಿ ಎಂದು ಅನ್ನಿಸುತ್ತಿರಲಿಲ್ಲ. ಬಂದದ್ದನ್ನು ಬರೆಯುವುದಷ್ಟೆ. ಈಗ ನೋಡಿದರೆ ಎಣಿಸುವವರಿಗೆ ಅದು ಒಳ್ಳೆಯ ಗುಣವೇ ಇರಬಹುದು. ಆಸೆ ಇದ್ದವರು ಎಲ್ಲೋ ಒಂದು ಗೆರೆ ಹೆಚ್ಚು ಎಳೆಯುತ್ತಾರೆ.

ಅತ್ತೆಯವರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು.

"ಇದೇನು ಮಾಡಾಕತ್ತೀ?"

"ಎಣಸಾಕತ್ತೀನ್ರಿ."

"ಇಸ್ಪೀಟ್ ಮುಟ್ಟಿದ ಕೈಲೆ ದೇವರ ದೀಪ ಮುಟ್ಟಬ್ಯಾಡ." ಅಷ್ಟು ಹೇಳಿ ಒಳಗೆ ಹೋದರು. ಅಂದಿನಿಂದ ಎಲೆ ಎತ್ತಿಟ್ಟ ಮೇಲೆ ಬಾವಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡು ಬರುತ್ತಿದ್ದೆ.

ಇನ್ನೂರು ಕೈ ಆದಾಗಲೇ ಒಂದು ವಿಷಯ ಕಾಣತೊಡಗಿತ್ತು. ನಾಲ್ಕು ಕೈ ಹಂಚಿದರೆ ಹೆಚ್ಚುಕಡಿಮೆ ಮೂರರಲ್ಲಿ ಏನೂ ಇರುತ್ತಿರಲಿಲ್ಲ. ಜೋಡಿ ಬರುವುದು ಆರಕ್ಕೊಂದು. ಮಾವನವರಿಗೆ ಹೇಳಿದೆ.

"ನಾಲ್ಕರಾಗ ಮೂರು ಖಾಲಿ ಅಂತೀಯಾ?"

"ಹೌದ್ರಿ."

"ಮೂವತ್ತು ವರ್ಷ ಆಡೀನಿ. ಎಲ್ಲಾ ಕೈಯಾಗೂ ಏನರ ಅದ ಅಂತ ತಿಳಕೊಂಡಿದ್ದೆ."

ಆಮೇಲೆ ಅವರು ಕೇಳಿದ ಪ್ರಶ್ನೆ ವಕೀಲರದೇ. ನನ್ನ ಕೈ ಖಾಲಿ ಇದ್ದರೆ ಎದುರಿನವರದೂ ಖಾಲಿ ಇರಬೇಕಲ್ಲ, ಹಾಗಾದರೆ ನಾನು ಯಾವಾಗ ನಿಲ್ಲಬೇಕು, ಯಾವಾಗ ಬಿಡಬೇಕು? ಖಾಲಿ ಕೈಗಳನ್ನೆಲ್ಲ ಒಂದೇ ಗುಂಪಿನಲ್ಲಿ ಬರೆದಿದ್ದೆ. ಅವತ್ತಿನಿಂದ ಅವುಗಳನ್ನೂ ಬಿಡಿಸಿ ಬರೆಯತೊಡಗಿದೆ. ಎಕ್ಕ ದೊಡ್ಡದಾಗಿರುವ ಕೈ ಒಂದು ಕಡೆ, ರಾಜ ದೊಡ್ಡದಾಗಿರುವುದು ಒಂದು ಕಡೆ, ರಾಣಿಯದು ಒಂದು ಕಡೆ, ಉಳಿದದ್ದೆಲ್ಲ ಒಂದು ಕಡೆ. ಮೊದಲ ಇನ್ನೂರನ್ನು ಬಿಟ್ಟು ಹೊಸದಾಗಿ ಒಂದರಿಂದ ಶುರು ಮಾಡಿದೆ.

ಸಾವಿರ ಮುಗಿಯುವಷ್ಟರಲ್ಲಿ ಬೇಸಗೆ ಮುಗಿಯುತ್ತ ಬಂದಿತ್ತು. ಅದರಲ್ಲಿ ನೂರ ಎಪ್ಪತ್ತೊಂದು ಜೋಡಿ. ಏನೂ ಇಲ್ಲದವು ಏಳುನೂರ ನಲವತ್ತೆರಡು. ಮೂರೂ ಒಂದೇ ಆದ ಕೈ ಸಾವಿರದಲ್ಲಿ ಮೂರೇ ಸಲ ಬಂದಿತ್ತು. ಜೋಡಿ ಮತ್ತು ಅದರ ಮೇಲಿನವನ್ನೆಲ್ಲ ಕೂಡಿಸಿ, ಅದಕ್ಕೆ ಎಕ್ಕದ ಕೈಗಳನ್ನು ಸೇರಿಸಿದರೆ ನೂರಕ್ಕೆ ನಲವತ್ತಮೂರು ಆಗುತ್ತಿತ್ತು. ರಾಜನ ಕೈಗಳನ್ನೂ ಸೇರಿಸಿದರೆ ಐವತ್ತೇಳು ದಾಟುತ್ತಿತ್ತು. ಹಾಗಾದರೆ ಅರ್ಧ ಎನ್ನುವ ಗೆರೆ ರಾಜನ ಕೈಗಳ ನಡುವೆ ಎಲ್ಲೋ ಬೀಳಬೇಕು. ಕಾಗದದ ಮೇಲೆ ರಾಜನ ಜೊತೆಗೆ ಬರಬಹುದಾದ ಎಲ್ಲ ಎಲೆಗಳನ್ನು ಬರೆದುಕೊಂಡು ನೋಡಿದೆ. ರಾಜನ ಜೊತೆ ಹತ್ತಾಗಲಿ ಅದಕ್ಕಿಂತ ದೊಡ್ಡದಾಗಲಿ ಇದ್ದರೆ ಆ ಕೈ ಅರ್ಧಕ್ಕಿಂತ ಮೇಲು. ಒಂಬತ್ತು ಇದ್ದರೆ ಕೆಳಗೆ. ರಾಣಿಯೇ ದೊಡ್ಡದಾದ ಕೈ ಒಬ್ಬ ಎದುರಾಳಿಯ ಮುಂದೆ ನಿಲ್ಲುವ ಕೈಯಲ್ಲ.

"ಒಬ್ಬರ ಎದುರಿಗೆ ಇಷ್ಟು ರೀ" ಎಂದು ಮಾವನವರಿಗೆ ಹೇಳಿದೆ. "ಇನ್ನೂ ಒಬ್ಬರು ಕೂತ್ರ ಇದು ಸಾಲೂದಿಲ್ಲ."

"ಒಬ್ಬನೇ ಬರ್ತಾನ" ಎಂದರು ಅವರು.

ಆಟದ ನಡುವೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಿಲ್ಲಬೇಕಾದರೆ ಎಡಭುಜಕ್ಕೆ ಒಂದು ಸಲ ಮುಟ್ಟುತ್ತೇನೆ, ಬಿಡಬೇಕಾದರೆ ಎರಡು ಸಲ ಎಂದು ಮಾತಾಡಿಕೊಂಡೆವು. ಅವರಿಗೆ ಮನಸ್ಸಿದ್ದರೆ ನನ್ನ ಮಾತು ಕೇಳಬಹುದು, ಇಲ್ಲದಿದ್ದರೆ ಇಲ್ಲ. ಮೊದಲ ದಿನ ಅವರು ಕೇಳಲಿಲ್ಲ. ರಾಣಿ, ಏಳು, ಮೂರು ಇಟ್ಟುಕೊಂಡು ನಿಂತರು, ಸೋತರು. ಎರಡನೆಯ ದಿನದಿಂದ ಕೇಳಿದರು.

ಗೆಲುವು ಒಂದೇ ದಿನಕ್ಕೆ ಬರಲಿಲ್ಲ. ಸರಿಯಾಗಿ ಬಿಟ್ಟರೂ ಸೋತ ದಿನಗಳಿದ್ದವು. ಎಕ್ಕ ಹಿಡಿದು ನಿಂತಾಗ ಪೇಶ್ಕಾರರ ಬಳಿ ಜೋಡಿ ಇರುತ್ತಿತ್ತು. ಮಾವನವರು ಕತ್ತು ಹೊರಳಿಸಿ ನನ್ನನ್ನು ನೋಡುತ್ತಿದ್ದರು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಬೀಜದ ಡಬ್ಬಿ ನಮ್ಮ ಕಡೆ ತುಂಬತೊಡಗಿತು. ಪೇಶ್ಕಾರರು ಒಂದು ಮಧ್ಯಾಹ್ನ ಎಲೆಗಳನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

"ವಕೀಲ್ ಸಾಹೇಬ್ರ, ನಿಮ್ಮನ್ನ ನಾನು ಮೂವತ್ತು ವರ್ಷದಿಂದ ಬಲ್ಲೆ. ನೀವು ರಾಣಿ ಬಿಟ್ಟವರಲ್ಲ. ಇದು ಯಾರ ತಲಿ?"

ಮಾವನವರ ಬಾಯಿಯ ಸರಿಯಿದ್ದ ಬದಿ ಸ್ವಲ್ಪ ಮೇಲಕ್ಕೆ ಹೋಯಿತು. ಪೇಶ್ಕಾರರು ನನ್ನ ಕಡೆ ನೇರವಾಗಿ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಕೇಳಿದರು. "ಬೇಟಿ, ಭುಜಕ್ಕ ಬಡಿಯೋದು ನಾನು ನಾಲ್ಕು ದಿನದಿಂದ ನೋಡಾಕತ್ತೀನಿ. ಯಾವ ಆಧಾರದ ಮ್ಯಾಲೆ ಬಡೀತಿ?"

ನಾನು ಒಳಗೆ ಹೋಗಿ ಕಾಗದಗಳನ್ನು ತಂದು ಮಂಚದ ಮೇಲೆ ಇಟ್ಟೆ. ಅವರು ಒಂದೊಂದನ್ನೇ ತಿರುವಿದರು. ಒಂದು ಬದಿಗೆ ಯಾರದೋ ಹೊಲದ ಬದುವಿನ ತಕರಾರು, ಇನ್ನೊಂದು ಬದಿಗೆ ನನ್ನ ಅಂಕಿಗಳು. ಓದುವುದೇ ಜೀವನದ ಕೆಲಸವಾಗಿದ್ದ ಮನುಷ್ಯ. ಪೂರ್ತಿ ಓದಿದರು.

"ಸಾವಿರ ಕೈ ಹಂಚೀಯಾ?"

"ಹೌದ್ರಿ."

"ಯಾಕ?"

"ಎಷ್ಟಕ್ಕ ನಿಲ್ಲಸಬೇಕು ಗೊತ್ತಾಗಲಿಲ್ರಿ" ಎಂದೆ. ಅವರು ಸುಮ್ಮನೆ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ಏನಾಗಿದೆಯೆಂದು ಅವರಿಗೆ ತಿಳಿದಿತ್ತು. ಅವರ ಮಗ ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಈ ಅಂಕಿಗಳನ್ನು ನಕಲು ಮಾಡಿಕೊಂಡು ಮಗನಿಗೆ ಬರೆದು ಕೇಳುತ್ತೇನೆಂದರು. ಮಾವನವರು ಒಪ್ಪಿದರು. ನಕಲು ಮಾಡುತ್ತ ಕೂತಿದ್ದರಿಂದ ಅವತ್ತು ಮುಂದೆ ಆಟವಾಗಲಿಲ್ಲ.

ಉತ್ತರ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮೊದಲ ಮಳೆ ಬಿದ್ದಿತ್ತು. ಕಾಗದ ಉರ್ದುವಿನಲ್ಲಿತ್ತು. ಪೇಶ್ಕಾರರು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ಕಚೇರಿಯಲ್ಲಿ ಓದುತ್ತಿದ್ದಂತೆ ಮೊದಲು ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದರು. ಮೊದಲ ಎಲೆ ಐವತ್ತೆರಡರಲ್ಲಿ ಯಾವುದಾದರೂ ಬರಬಹುದು. ಎರಡನೆಯದು ಉಳಿದ ಐವತ್ತೊಂದರಲ್ಲಿ, ಮೂರನೆಯದು ಐವತ್ತರಲ್ಲಿ. ಮೂರನ್ನೂ ಗುಣಿಸಬೇಕು. ಆದರೆ ಅದೇ ಮೂರು ಎಲೆ ಹಿಂದೆ ಮುಂದೆ ಆಗಿ ಆರು ರೀತಿ ಬರುತ್ತವೆ, ಆದ್ದರಿಂದ ಆರರಿಂದ ಭಾಗಿಸಬೇಕು. ಬರುವುದು ಇಪ್ಪತ್ತೆರಡು ಸಾವಿರದ ನೂರು. ಲೋಕದಲ್ಲಿ ಇರುವ ಕೈಗಳು ಅಷ್ಟೇ, ಒಂದೂ ಹೆಚ್ಚಿಲ್ಲ. ಅವುಗಳಲ್ಲಿ ಜೋಡಿ ಮೂರು ಸಾವಿರದ ಏಳುನೂರ ನಲವತ್ತನಾಲ್ಕು. ಆ ಲೆಕ್ಕದಂತೆ ಸಾವಿರ ಕೈಗೆ ನೂರ ಅರವತ್ತೊಂಬತ್ತು ಜೋಡಿ ಬರಬೇಕು. ನಿಮ್ಮವರಿಗೆ ನೂರ ಎಪ್ಪತ್ತೊಂದು ಬಂದಿವೆ. ಎಣಿಸಿದವರು ಪ್ರಾಮಾಣಿಕರು.

ಕೊನೆಗೆ ಒಂದು ಸಾಲಿತ್ತು. ಈ ಸಾಹೇಬರು ಯಾರು, ಯಾವ ಶಾಲೆಯಲ್ಲಿದ್ದಾರೆ, ರಾಯಚೂರಿಗೆ ಬಂದರೆ ನನ್ನನ್ನು ಕಾಣಲಿ.

ಪೇಶ್ಕಾರರು ನಕ್ಕರು. ಮಾವನವರೂ ನಕ್ಕರು, ನಗುವಾಗ ಅವರಿಗೆ ಕೆಮ್ಮು ಬಂತು. ನಾನು ನೀರು ಕುಡಿಸಿದೆ. ನಾನೂ ನಗಬೇಕಾಗಿತ್ತು ಎಂದು ಆಗ ಹೊಳೆಯಿತು, ಅಷ್ಟರಲ್ಲಿ ಅವರು ನಗುವುದನ್ನು ನಿಲ್ಲಿಸಿದ್ದರು. ಬೇಸಗೆಯೆಲ್ಲ ಕೂತು ಎಣಿಸಿದ್ದನ್ನು ಒಬ್ಬರು ಮೂರು ಸಾಲಿನಲ್ಲಿ ಬರೆದಿದ್ದರು. ಅದರ ಬಗ್ಗೆಯೂ ನನಗೆ ಬೇಸರವಾಗಲಿಲ್ಲ. ಆ ಮಧ್ಯಾಹ್ನ ಪಾಟಿ ತೆಗೆದುಕೊಂಡು ಐವತ್ತೆರಡು, ಐವತ್ತೊಂದು, ಐವತ್ತು ಗುಣಿಸಿ ನೋಡಿದೆ. ಒಂದು ಲಕ್ಷ ಮೂವತ್ತೆರಡು ಸಾವಿರದ ಆರುನೂರು. ಆರರಿಂದ ಭಾಗಿಸಿದೆ. ಶೇಷ ಉಳಿಯಲಿಲ್ಲ.

ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಪೇಶ್ಕಾರರು ಹೋದ ಮೇಲೆ ನಾನು ಹಿತ್ತಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಅವರು ಬಂದು ಎದುರಿಗೆ ಕೂತರು. ಮೊರದಿಂದ ಒಂದು ಹಿಡಿ ಜೋಳ ತಮ್ಮ ಕಡೆ ಎಳೆದುಕೊಂಡು ಅವರೂ ಕಲ್ಲು ಆರಿಸತೊಡಗಿದರು.

"ನಾನು ಏಳು ಹಡದೆ" ಎಂದರು. "ಎರಡು ಉಳದ್ವು. ನಿನ್ನ ಗಂಡ, ಅವನ ಅಕ್ಕ. ಇದಕ್ಕೂ ಏನರ ಲೆಕ್ಕ ಅದ ಏನು?"

ನಾನು ಕೈ ನಿಲ್ಲಿಸಿದೆ. ಅವರ ಮುಖದಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ಇಪ್ಪತ್ತು ಮೂವತ್ತು ವರ್ಷ ಯಾರನ್ನು ಕೇಳಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ ಪ್ರಶ್ನೆಯ ಹಾಗಿತ್ತು.

"ಗೊತ್ತಿಲ್ರಿ ಅತ್ತಿಯವ್ರ" ಎಂದೆ. "ಎಲಿ ಆದ್ರ ಐವತ್ತೆರಡು ಅಂತ ಮೊದಲೇ ಗೊತ್ತಿರ್ತದ. ಇದರಾಗ ಎಷ್ಟು ಅವ ಅಂತ ಯಾರಿಗೂ ಗೊತ್ತಿಲ್ಲ. ನನಗ ಎಣಸಲಿಕ್ಕ ಬರೂದಿಲ್ರಿ."

ಅವರು ಜೋಳದಿಂದ ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ ಹೇಳತೊಡಗಿದರು. ಮೊದಲನೆಯದು ಗಂಡು, ಮೂರು ತಿಂಗಳು. ಎರಡನೆಯದು ಈಗ ಇರುವ ಮಗಳು. ಮೂರನೆಯದು ಹೆಣ್ಣು, ನಡೆಯಲು ಬಂದಿತ್ತು, ದೊಡ್ಡ ಜ್ವರದ ವರ್ಷ ಹೋಯಿತು. ನಾಲ್ಕನೆಯದು ಹುಟ್ಟಿದಾಗಲೇ ಅಳಲಿಲ್ಲ. ಹೀಗೆ ಏಳನ್ನೂ ಸಾಲಾಗಿ, ದನಿ ಏರಿಸದೆ, ಯಾವುದಕ್ಕೆ ಕೂದಲು ಹೆಚ್ಚಿತ್ತು, ಯಾವುದು ಬೆಳ್ಳಗಿತ್ತು, ಯಾವುದು ರಾತ್ರಿಯಿಡೀ ನಿದ್ದೆ ಮಾಡಗೊಡಲಿಲ್ಲ ಎಂದು ಹೇಳಿದರು. ನಾನು ಕೇಳಿದೆ. ನನ್ನ ಕಣ್ಣು ಒಣಗಿಯೇ ಇತ್ತು, ಅವರದೂ ಹಾಗೆಯೇ ಇತ್ತು. ಹೇಳಿ ಮುಗಿಸಿ, ಮೊರವನ್ನು ಎತ್ತಿ ಎರಡು ಸಲ ಕೇರಿ, "ಇನ್ನ ಸಾಕು, ಕತ್ತಲಾಗ್ತದ" ಎಂದು ಎದ್ದರು. ಮರುದಿನ ಮುಂಜಾನೆ, ನಾನು ಕೇಳದಿದ್ದರೂ, ದೇವರ ದೀಪ ನೀನೇ ಹಚ್ಚು ಎಂದರು.

ಶ್ರಾವಣದಲ್ಲಿ ಮಾವನವರಿಗೆ ಎರಡನೆಯ ಸಲ ಬಡಿಯಿತು. ಈ ಸಲ ಮಾತು ಪೂರ್ತಿ ಹೋಯಿತು. ಪೇಶ್ಕಾರರು ಬಂದು ತಮ್ಮ ಪಾಡಿಗೆ ತಾವು ಕೂತು ಹೋಗುತ್ತಿದ್ದರು. ಒಂಬತ್ತನೆಯ ದಿನ ಬೆಳಗ್ಗೆ ನಾನು ಮುಖ ಒರೆಸಲು ಹೋದಾಗ ಮಾವನವರು ತೀರಿಹೋಗಿದ್ದರು. ನನ್ನ ಗಂಡ ರಾಯಚೂರಿನಿಂದ ಬಂದು ಕ್ರಿಯೆಗಳನ್ನು ಮಾಡಿದರು. ಮನೆ ತುಂಬ ಜನ. ಎಲ್ಲರೂ ಅತ್ತರು. ನಾನು ಹಂಡೆಗೆ ನೀರು ತುಂಬಿದೆ, ಊಟದ ಎಲೆ ಹಾಕಿದೆ, ಎಲೆ ಎತ್ತಿದೆ. ಹೆಂಗಸರೊಬ್ಬರು, "ಮಾವನ ಸೇವಾ ಮಾಡಿದಾಕಿ, ಒಂದು ಹನಿ ನೀರಿಲ್ಲ ಕಣ್ಣಾಗ" ಎಂದದ್ದು ಕಿವಿಗೆ ಬಿತ್ತು. ಅತ್ತೆಯವರು ಕೂತಲ್ಲಿಂದಲೇ, "ಆಕಿ ಸುದ್ದಿಗೆ ಹೋಗಬ್ಯಾಡ್ರಿ" ಎಂದರು.

ವರ್ಷಾಂತಿಕ ಮುಗಿದ ಮೇಲೆ ಅತ್ತೆಯವರು ಮಗಳ ಮನೆಗೆ ಹೋದರು, ನಾನು ರಾಯಚೂರಿಗೆ ಬಂದೆ. ಕೋಟೆಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ಗಂಡ ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಒಳ್ಳೆಯವರು. ಕೇಳಿದ್ದನ್ನು ತಂದುಕೊಡುತ್ತಿದ್ದರು. ನಮ್ಮಿಬ್ಬರ ನಡುವೆ ಮಾತೆಂದರೆ ಅಡುಗೆಯದು, ನೀರಿನದು, ಅಷ್ಟೆ. ಪೇಶ್ಕಾರರ ಮಗನಿಗೆ ತಂದೆಯಿಂದ ಕಾಗದ ಬಂದಿತ್ತು. ಅವರು ತಮ್ಮ ಹೆಂಡತಿಯನ್ನು ಕರೆದುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಅಂಗಳದಲ್ಲಿ ನಿಂತು, ನನ್ನ ಕಡೆ ತೋರಿಸಿ ನನ್ನ ಗಂಡನನ್ನು ಕೇಳಿದರು.

"ದೇವದುರ್ಗದಾಗ ಸಾವಿರ ಕೈ ಎಣಿಸಿದ ಸಾಹೇಬರು ಇವರೇನ್ರಿ?"

ನನ್ನ ಗಂಡನಿಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆ ಮಾಸ್ತರರು ವಿಷಯವನ್ನೆಲ್ಲ ಹೇಳಿ, ಇವರನ್ನು ಮೆಟ್ರಿಕ್ ಪರೀಕ್ಷೆಗೆ ಕೂರಿಸಿರಿ, ಪುಸ್ತಕ ನಾನು ಕೊಡುತ್ತೇನೆ ಎಂದರು. ಆಗ ಪರೀಕ್ಷೆ ಉರ್ದುವಿನಲ್ಲೇ ಇರುತ್ತಿದ್ದುದರಿಂದ ಅವರ ಹೆಂಡತಿ ನನಗೆ ಉರ್ದು ಅಕ್ಷರ ಕಲಿಸಲು ವಾರಕ್ಕೆ ಮೂರು ದಿನ ಬರತೊಡಗಿದರು. ಆ ಭಾನುವಾರ ಅವರಿಬ್ಬರೂ ಹೋದ ಮೇಲೆ ನನ್ನ ಗಂಡ ಅಂಗಳದ ಬಾಗಿಲು ಹಾಕಿ ಬಂದರು. ಆಮೇಲೆ, "ಅಪ್ಪ ಗೆದ್ದರೇನು?" ಎಂದು ಕೇಳಿದರು.

"ಕಡೀ ಕಡೀಗೆ ಗೆದ್ದರು" ಎಂದೆ.

ನಡುವೆ ಎರಡು ವರ್ಷ ನಿಜಾಮರ ರಾಜ್ಯದಲ್ಲಿ ಗದ್ದಲ. ಶಾಲೆಗಳು ಮುಚ್ಚಿ ತೆರೆದು ಮಾಡಿದವು, ಪರೀಕ್ಷೆ ಮುಂದಕ್ಕೆ ಹೋಯಿತು. ಕೆಲವು ದಿನ ನಾವು ಮಟಮಾರಿಯ ಸಂಬಂಧಿಕರ ಮನೆಯಲ್ಲಿ ಇದ್ದು ಬಂದೆವು. ನಿಜಾಮರ ಆಡಳಿತ ಹೋದ ಮೇಲೆ ಕನ್ನಡ ಶಾಲೆಗಳಿಗೆ ಮಾಸ್ತರರು ಬೇಕಾದರು, ಹೆಣ್ಣುಮಕ್ಕಳ ಶಾಲೆಗಂತೂ ಸಿಗುತ್ತಲೇ ಇರಲಿಲ್ಲ. ಮುಂದಕ್ಕೆ ಹೋದ ಪರೀಕ್ಷೆ ಬರೆದು ನಾನು ಪಾಸಾಗಿದ್ದೆ, ನಲವತ್ತೊಂಬತ್ತರಲ್ಲಿ ನನಗೆ ಅಂಥ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುವ ಕೆಲಸ ಸಿಕ್ಕಿತು. ಮೊದಲ ದಿನ ಕಪ್ಪುಹಲಗೆಯ ಮುಂದೆ ನಿಂತಾಗ ನನಗೆ ಹೆದರಿಕೆಯಾಯಿತು. ಅಂಗೈ ಬೆವೆತಿತ್ತು. ಅದನ್ನು ಸೀರೆಗೆ ಒರೆಸಿಕೊಳ್ಳುತ್ತ, ಇದು ಹೆದರಿಕೆ ಎಂದು ಗುರುತಿಸಿಕೊಂಡದ್ದು ನೆನಪಿದೆ. ಅಷ್ಟು ದಿನ ಅದೂ ಇರಲಿಲ್ಲ.

ಆ ವರ್ಷದ ಒಂದು ಸಂಜೆ ನಾವಿಬ್ಬರೂ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ನಮ್ಮ ಮುಂದೆ ಒಬ್ಬ ಹೆಂಗಸು ಕೂಸನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದಳು. ಕೂಸು ನಮ್ಮ ಕಡೆ ಮುಖ ಮಾಡಿ ನೋಡುತ್ತಿತ್ತು. ನನ್ನ ಗಂಡ ನಡೆಯುತ್ತಲೇ ಕೇಳಿದರು.

"ನಮ್ಮ ಕೂಸು ಹ್ಯಾಂಗಿತ್ತು? ನಾನು ನೋಡಲೇ ಇಲ್ಲ."

ಅದಾಗಿ ಐದಾರು ವರ್ಷವಾಗಿತ್ತು. ನಾನು ನಿಂತೆ, ಅವರೂ ನಿಂತರು. ಹೇಳಿದೆ. ತಲೆ ತುಂಬ ಕೂದಲಿತ್ತು. ಅಳುವುದು ಕಡಿಮೆ. ಎಡಗಿವಿಯ ಮೇಲಿನ ತುದಿ ಸ್ವಲ್ಪ ಮಡಿಚಿತ್ತು, ಅದನ್ನು ನಾನು ಬೆರಳಿನಿಂದ ನೀವಿ ಸರಿಮಾಡುತ್ತಿದ್ದೆ, ಮತ್ತೆ ಮಡಿಚಿಕೊಳ್ಳುತ್ತಿತ್ತು. ಹಾಲು ಕುಡಿಯುವಾಗ ನನ್ನ ಬಳೆ ಹಿಡಿಯುತ್ತಿತ್ತು. ಅಷ್ಟು ಹೇಳುವಷ್ಟರಲ್ಲಿ ನನ್ನ ದನಿ ಒಡೆದುಹೋಯಿತು. ಅವರು ನನ್ನನ್ನು ಮುಟ್ಟಲಿಲ್ಲ. ಹೋಗಿಬರುವ ಜನರಿಗೆ ನಾನು ಕಾಣದಂತೆ ಅಡ್ಡ ನಿಂತುಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಮನೆಗೆ ಬಂದೆವು. ನಾನು ಒಲೆ ಹಚ್ಚಿದೆ. ಅವರು ಎಂದೂ ಅಡುಗೆಮನೆಗೆ ಬಂದವರಲ್ಲ. ಅವತ್ತು ಬಂದು, ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತು, ಬದನೆಕಾಯಿ ಹೆಚ್ಚಿಕೊಡಲೇನು ಎಂದು ಕೇಳಿದರು. ಈಳಿಗೆಮಣೆಯನ್ನು ಅವರ ಕಡೆ ಸರಿಸಿದೆ. ತೀರ ದಪ್ಪ ದಪ್ಪ ಹೋಳು ಮಾಡಿದರು. ಹಾಗೆಯೇ ಬೇಯಿಸಿ ಇಬ್ಬರೂ ಉಂಡೆವು.